ರೈಟ್ರು ಕಾದ ಅರ್ಧ ನಿಮಿಷ

ಹೋದ ಡಿಸೆಂಬರ್‌ನಲ್ಲಿ ವನಗೂರು ಕಡೆಗೆ ಬೈಕಲ್ಲಿ ಹೋಗ್ತಿದ್ದೆ. ಬೆನ್ನಿಗೆ ಒಂದು ಡಿಶ್ ಕಟ್ಕೊಂಡಿದ್ದೆ. ಈಗ ನಂದು ಮನೆಮನೆಗೆ ಡಿಶ್ ಕೂರ್ಸೋ ಕೆಲ್ಸ. ದೂರದಿಂದ ನೋಡಿದ್ರೆ ಆಮೆ ಬೈಕ್ ಓಡಿಸ್ದಂಗೆ ಕಾಣ್ತೀನಿ ಅಂತ ನನ್ನ ತಂಗಿ ಊರೆಲ್ಲಾ ಸಾರವ್ಳೆ. ಒಂದು ಮೋರಿ ದಾಟೋ ಹೊತ್ಗೆ ಆ ವಾಸ್ನೆ ಬಂತು. ಕಾಫಿ ಹಣ್ಣನ್ನ ಪಲ್ಪರ್ ಮಿಷನ್‌ಗೆ ಹಾಕಿ ಸಿಪ್ಪೆ ಸುಲೀತಾರಲ್ಲ, ಆಮೇಲೆ ಉಳಿಯೋ ನೀರು ಹಳ್ಳದಲ್ಲಿ ನಾಲ್ಕು ದಿನ ಕೊಳೆತ್ರೆ ಬರೋ ವಾಸ್ನೆ ಅದು. ಹುಳಿ ಹೆಂಡದಲ್ಲಿ ಇಲಿ ಸತ್ತು ಬಿದ್ದಂಗೆ. ಲೋಟದಲ್ಲಿ ಕಾಫಿ ಕುಡಿಯೋರಿಗೆ ಗೊತ್ತಿರೋದು ಬರೀ ಪರಿಮಳ. ಈ ವಾಸ್ನೆ ನಮ್ಗೆ, ನಮ್ಮ ಹಳ್ಳಗಳಿಗೆ ಮಾತ್ರ ಮೀಸಲು.

ಬೈಕ್ ನಿಲ್ಲಿಸ್ಬುಟ್ಟೆ. ನಮ್ಮ ಪಕ್ಕದ್ಮನೆ ರೈಟ್ರು ಎದುರಿಗೆ ಬಂದು ನಿಂತಂಗಾಯ್ತು...

ರೈಟರ್ ಅಂದ್ರೆ ಎಸ್ಟೇಟ್‌ನಲ್ಲಿ ಆಳುಗಳ ಹಾಜರಿ ತಗೊಂಡು ಕೆಲ್ಸ ಹಂಚೋ ಮನುಷ್ಯ. ಬೆಳಗೋಡಿನಲ್ಲಿ ಅವ್ರ ಮನೆ, ನಮ್ಮನೆ ಅಕ್ಕಪಕ್ಕ. ನಾನು ಹುಟ್ಟೋಕೆ ಮುಂಚಿಂದ ಒಂದೇ ಎಸ್ಟೇಟ್‌ನಲ್ಲಿ ರೈಟರ್ ಆಗಿದ್ರು. ರಿಟೈರ್ ಆದ್ಮೇಲೂ ಊರಿಗೆಲ್ಲಾ ರೈಟ್ರೇ. ಹೆಂಡ್ತೀನೂ "ರೈಟ್ರೇ, ಮುದ್ದೆ ಆರೋಗ್ತದೆ, ಏಳಿ" ಅಂತ್ಲೇ ಕರೆಯೋರು. ಅವ್ರನ್ನ ನಾನು ದೊಡ್ಡಮ್ಮ ಅಂತಿದ್ದೆ.

ರೈಟ್ರ ಹಾಜರಿ ಅಂದ್ರೆ ಆ ಸುತ್ತಿನಲ್ಲೇ ಹೆಸರುವಾಸಿ. ಬೇರೆ ಎಸ್ಟೇಟ್‌ಗಳಲ್ಲಿ ಬೆಳಿಗ್ಗೆ ಸ್ಟೋರ್ ಮುಂದೆ ನಿಂತು, ಕಂಡಕ್ಟರ್ ಸ್ಟಾಪ್ ಕೂಗ್ದಂಗೆ ಹೆಸ್ರು ಕೂಗಿ ಮುಗಿಸ್ಬುಡೋರು. ಇವ್ರು ಹಂಗಲ್ಲ. ಒಂದು ಹೆಸ್ರು ಕೂಗಿ, ತಲೆ ಎತ್ತಿ, ಕಾಯೋರು. ಓಗೊಡ್ಲಿಲ್ಲ ಅಂದ್ರೆ ಇನ್ನೊಂದು ಸಲ ಕೂಗಿ ಕಾಯೋರು. ಮೂರನೇ ಸಲಾನೂ ಉತ್ತರ ಬರ್ಲಿಲ್ಲ ಅಂದ್ರೆ ಮಾತ್ರ ಪುಸ್ತಕ ಮುಟ್ಟೋರು. ವಯಸ್ಸಲ್ಲಿದ್ದಾಗ ಒಂದ್ಸಲ ಅವಸರಕ್ಕೆ ಬಿದ್ದು, ಹಿಂದ್ಗಡೆ ಕೂತು ಮಗೀಗೆ ಹಾಲು ಕುಡಿಸ್ತಿದ್ದ ಬಾಣಂತೀನ "ಬಂದಿಲ್ಲ" ಅಂತ ಬರ್ದು ವಾಪಸ್ ಕಳಿಸ್ಬುಟ್ಟಿದ್ರಂತೆ. ಅವ್ಳು ಸುರಿಯೋ ಮಳೇಲಿ, ಆ ಮಗೂನ ಎತ್ಕೊಂಡು ಗುಡ್ಡ ಇಳಿದು ಹೋಗಿದ್ದನ್ನ ನೋಡಿದ ರೈಟ್ರು, ಅವತ್ತಿಂದ ಯಾರ ಉತ್ತರಕ್ಕೂ ಅವಸರ ಮಾಡ್ಲಿಲ್ಲ.

ಮನೇಲೂ ಅದೇ ಚಾಳಿ. "ಊಟ ಆಯ್ತಾ?" ಅಂತ ಕೇಳಿದ್ರೆ ಉತ್ತರ ಬರೋ ತನಕ ಮುಖಾನೇ ನೋಡ್ತಾ ನಿಲ್ಲೋರು. ಸಿಟ್ಟಿಲ್ಲ, ನಗೂ ಇಲ್ಲ. ನಾನು ಆರ್ನೇ ಕ್ಲಾಸಲ್ಲಿದ್ದಾಗ ಅವ್ರ ಹಿತ್ಲಿಂದ ಹಲಸಿನಹಣ್ಣು ಹಾರಿಸಿದ್ದೆ. ಸಂಜೆ ಬೇಲಿ ಹತ್ರ ಬಂದು, "ಹಣ್ಣು ತಗೊಂಡಿದ್ದು ನೀನೇನಾ ಮಗ?" ಅಂದ್ರು. ಅಂದು, ನಿಂತ್ರು. ಒಂದು ಪೆಟ್ಟು ಹಾಕಿದ್ರೆ ಆರಾಮಾಗಿ ಸುಳ್ಳು ಹೇಳ್ತಿದ್ದೆ. ಆ ನಿಂತ್ಕೊಳ್ಳೋದನ್ನ ತಡ್ಯಕ್ಕಾಗದೆ ಹಲಸಿನಹಣ್ಣು ಒಪ್ಕೊಂಡೆ, ಹಿಂದಿನ್ವರ್ಷದ ಸೀಬೇಕಾಯಿ ಒಪ್ಕೊಂಡೆ, ಕೊನೆಗೆ ನಾನು ಕದೀದೇ ಇದ್ದ ಒಂದು ಕೋಳೀನೂ ಒಪ್ಕೊಂಡ್ಬುಟ್ಟೆ! ಕೋಳಿ ಕದ್ದ ನಿಜವಾದ ಕಳ್ಳ ನನ್ನಿಂದಾಗಿ ಇವತ್ತಿಗೂ ಮರ್ಯಾದಸ್ಥ.

ಇಂಥವ್ರ ಪಕ್ಕದ ಮನೇಲಿ ಬೆಳೆದ ನಾನು ಹೋಗಿ ಸೇರಿದ್ದೆಲ್ಲಿ? ಒಂದು ಗಳಿಗೆ ಸುಮ್ನಿದ್ರೂ ಸತ್ತೋದಂಗೆ ಅನ್ನೋ ಜಾಗಕ್ಕೆ.

ಪಿಯುಸಿ ಎರಡು ಸಲ ಬರ್ದು, ಎರಡು ಸಲಾನೂ ಒಂದೇ ಮಾರ್ಕ್ಸ್ ತಗೊಂಡು ಸ್ಥಿರತೆ ತೋರಿಸಿದ್ದೆ. ಆಗ ನಮ್ ಕಡೆ ಕೇಬಲ್ ಟೀವಿ ಹೊಸ್ದಾಗಿ ಮನೆಮನೆಗೂ ಬಂದಿತ್ತು. ಕೇಬಲ್ ಎಳೆಸಿದ್ದ ಯಜಮಾನ್ನ ನಾವು ಕೇಬಲಣ್ಣ ಅಂತಿದ್ವಿ. ಆವಯ್ಯ ಒಂದು ಕ್ಯಾಮೆರಾ, ಒಂದು ಕಂಪ್ಯೂಟರ್ ತಂದು ಲೋಕಲ್ ಚಾನೆಲ್ ಶುರು ಮಾಡ್ದ. ಬೆಳಿಗ್ಗೆ ಭಕ್ತಿಗೀತೆ, ಮಧ್ಯಾಹ್ನ ಫೋನ್ ಮಾಡಿದೋರಿಗೆ ಸಿನಿಮಾ ಹಾಡು, ಸಂಜೆ ಲೋಕಲ್ ನ್ಯೂಸು. ಮೂರಕ್ಕೂ ಮುಖ ಒಂದೇ, ನಂದು. ನನ್ನನ್ನ ಯಾಕೆ ತಗೊಂಡ ಅಂದ್ರೆ ಬಾಯಿ ಮುಚ್ಚೋ ಅಭ್ಯಾಸ ನಂಗಿರ್ಲಿಲ್ಲ.

ಮೊದಲ್ನೇ ವಾರಾನೇ ಅರೇಬಿಕಾ ಕಾಫಿ ರೇಟು ರೋಬಸ್ಟಾಗೆ, ರೋಬಸ್ಟಾ ರೇಟು ಅರೇಬಿಕಾಗೆ ಓದ್ಬುಟ್ಟೆ. ಅರ್ಧ ತಾಲ್ಲೂಕು ಪಟಾಕಿ ಹೊಡೀತು, ಇನ್ನರ್ಧ ನನ್ನನ್ನ ಹೊಡಿಯಕ್ಕೆ ಹುಡುಕ್ತಿತ್ತು. ಇನ್ನೊಂದಿನ ಒದ್ದೆ ಕೊಡೆ ಕೈಯಲ್ಲಿಟ್ಕೊಂಡೇ "ಇವತ್ತು ಎಲ್ಲೂ ಮಳೆ ಆಗಿಲ್ಲ" ಅಂತ ಓದಿದ್ದೆ. ಕೇಬಲಣ್ಣ ಬೈಲಿಲ್ಲ. "ತಪ್ಪಾದ್ರೆ ಆಗ್ಲಿ ಬುಡೋ, ಖಾಲಿ ಬುಡ್ಬೇಡ. ಖಾಲಿ ಬುಟ್ರೆ ಜನ ರಿಮೋಟ್ ಒತ್ತಾರೆ. ಮನ್ಸಲ್ಲಿ ಮೂರು ಎಣಿಸು. ಮೂರಕ್ಕೂ ಯಾರೂ ಮಾತಾಡ್ಲಿಲ್ಲ ಅಂದ್ರೆ ನೀನೇ ಏನಾದ್ರೂ ಬೊಗಳು." ನನ್ನ ವಿದ್ಯಾಭ್ಯಾಸ ಅಂತ ಆಗಿದ್ದು ಇಷ್ಟೇ. ಪಾಠ ಚೆನ್ನಾಗೇ ಕಲಿತೆ.

ನ್ಯೂಸ್ ಅಂತ ಹೇಳಿದ್ನಲ್ಲ, ಅದ್ರಲ್ಲಿ ಏನಿರಬೇಕು, ಏನಿರಬಾರ್ದು ಅಂತ ಯಾರೂ ನಂಗೆ ಹೇಳ್ಕೊಡ್ಲಿಲ್ಲ. ಹೇಳ್ಕೊಡೋದು ಬೇಕಾಗ್ಲೂ ಇಲ್ಲ. ನಮ್ಮ ಚಾನೆಲ್‌ಗೆ ಬರ್ತಿದ್ದ ಜಾಹೀರಾತಲ್ಲಿ ಮುಕ್ಕಾಲು ಭಾಗ ಒಬ್ಬ ಸಾವ್ಕಾರ್ರದ್ದು. ಅವ್ರದ್ದು ಸಿಮೆಂಟ್ ಅಂಗಡಿ, ಗೊಬ್ಬರದ ಅಂಗಡಿ, ಮೇಲೆ ಗುಡ್ಡದಲ್ಲಿ ದೊಡ್ಡ ಕಾಫಿ ಎಸ್ಟೇಟು. ಅವ್ರ ಲಾರಿ ಯಾರ್ದೋ ಎಮ್ಮೆಗೆ ಗುದ್ದಿದ್ರೆ ನಾನು "ರಸ್ತೇಲಿ ಎಮ್ಮೆಗಳ ಹಾವಳಿ" ಅಂತ ಓದ್ತಿದ್ದೆ. ಯಾರೂ ಹೇಳಿರ್ಲಿಲ್ಲ. ನಂಗೇ ಹಂಗೆ ತಿಳಿಯೋದು.

ಆ ವರ್ಷ ಪಂಚಾಯ್ತಿ ಎಲೆಕ್ಷನ್ ಬಂತು. ಸಾವ್ಕಾರ್ರು ನಿಂತ್ರು. ಕೇಬಲಣ್ಣ ಟೌನ್ ಚಾನೆಲ್‌ಗಳನ್ನ ನೋಡಿ, ನಾವೂ ಒಂದು ಚರ್ಚೆ ಇಡೋಣ, ಕ್ಯಾಂಡಿಡೇಟ್‌ಗಳಿಗೆ ಜನಾನೇ ಪ್ರಶ್ನೆ ಕೇಳ್ಲಿ ಅಂದ. ಬೆಳಗೋಡಿನ ಸ್ಕೂಲ್ ಹಾಲ್‌ನಲ್ಲಿ ಮಧ್ಯಾಹ್ನ ರೆಕಾರ್ಡಿಂಗು, ಮಾರನೇ ದಿನ ಟೀವೀಲಿ. ನಡೆಸ್ಕೊಡೋದು ನಾನು. ಹೊಸ ಕೋಟು ಹೊಲಿಸ್ಕೊಂಡೆ. ಟೈಲರ್ ಒಂದು ತೋಳು ಉದ್ದ ಮಾಡ್ಬುಟ್ಟಿದ್ದ. ಇಡೀ ಚರ್ಚೆ ಒಂದೇ ಕೈ ಆಡಿಸಿ ನಡೆಸ್ದೆ.

ಹಿಂದಿನ ಸಂಜೆ ರೈಟ್ರು ಬೇಲಿ ಹತ್ರ ಬಂದಿದ್ರು.

"ನಾಳೆ ನಾನೂ ಒಂದು ಪ್ರಶ್ನೆ ಕೇಳ್ತೀನಿ ಕಣೋ. ಲೈನಿನೋರಿಗೆ ಮಾತು ಕೊಟ್ಟಿದ್ದೀನಿ."

ಲೈನು ಅಂದ್ರೆ ಅವ್ರ ಹಳೇ ಎಸ್ಟೇಟ್‌ನಲ್ಲಿ ಆಳುಗಳಿರೋ ಸಾಲುಮನೆ. ಅದ್ರ ಪಕ್ಕದ ಹಳ್ಳಕ್ಕೆ ಮೇಲಿಂದ ಸಾವ್ಕಾರ್ರ ಪಲ್ಪರ್ ನೀರು ಬಂದು ಸೇರ್ತಿತ್ತು. ಹಣ್ಣು ಕೊಯ್ಯೋ ಕಾಲದಲ್ಲಿ ಹಳ್ಳ ಕಪ್ಪಗೆ, ನೊರೆನೊರೆ. ಲೈನಿನೋರಿಗೆ ಕುಡಿಯಕ್ಕೂ ಅದೇ, ಮೀಯಕ್ಕೂ ಅದೇ. ಮಕ್ಕಳ ಕಾಲೆಲ್ಲಾ ಕಜ್ಜಿ, ಹೊಟ್ಟೆ ನೋವು. ರೈಟ್ರು ಕಚೇರಿಗಳಿಗೆ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದ್ರು. ಟೀವಿ ಅಂದ್ರೆ ಊರೆಲ್ಲಾ ನೋಡ್ತದೆ, ಊರ ಮುಂದೆ ಕೇಳಿದ್ರೆ ಉತ್ತರ ಕೊಡ್ದೆ ಆಗಕ್ಕಿಲ್ಲ ಅನ್ನೋದು ಅವ್ರ ಲೆಕ್ಕ.

"ಒಂದೇನು ರೈಟ್ರೇ, ಹತ್ತು ಕೇಳಿ. ನಾನಿಲ್ವಾ?" ಅಂದಿದ್ದೆ.

ನಾನಿದ್ದೆ... ಅದೇ ತೊಂದ್ರೆ ಆಗಿದ್ದು.

ಹಾಲ್‌ನಲ್ಲಿ ಕೂತಿದ್ದೋರೆಲ್ಲಾ ಬಹುಪಾಲು ಸಾವ್ಕಾರ್ರ ಕಡೆಯೋರೇ. ಲೈನಿನೋರಿಗೆ ಅವತ್ತು ಕೆಲ್ಸದ ದಿನ, ಯಾರೂ ಬಂದಿರ್ಲಿಲ್ಲ. ಮೊದ್ಲಿನ ನಾಲ್ಕೈದು ಪ್ರಶ್ನೆ ಕೇಬಲಣ್ಣ ಬರ್ಕೊಟ್ಟಿದ್ದು: ಸಾಹೇಬ್ರೇ ನಿಮ್ಮ ಜನಸೇವೆಗೆ ಸ್ಫೂರ್ತಿ ಯಾರು, ಇಂಥವು. ಆಮೇಲೆ ರೈಟ್ರು ಎದ್ರು. ಇಸ್ತ್ರಿ ಮಾಡಿದ ಬಿಳಿ ಅಂಗಿ. ಕೈಯಲ್ಲಿ ಚೀಟಿ ಇಲ್ಲ, ಏನಿಲ್ಲ.

"ಸಾವ್ಕಾರ್ರೇ, ನಿಮ್ಮ ಪಲ್ಪರ್ ನೀರು ಲೈನಿನ ಹಳ್ಳಕ್ಕೆ ಬುಡ್ತಿದ್ದೀರೋ, ಇಲ್ವೋ?"

ಅಷ್ಟೇ. ಕೇಳಿ, ತಲೆ ಎತ್ತಿ, ಕಾಯ್ತಾ ನಿಂತ್ರು.

ಸಾವ್ಕಾರ್ರು ಫ್ಯಾನ್ ನೋಡಿದ್ರು. ನೀರಿನ ಲೋಟ ಎತ್ತಿ, ಕುಡೀದೇ ಕೆಳಗಿಟ್ರು. ಅಷ್ಟು ದೊಡ್ಡ ಮನುಷ್ಯರು ಉತ್ತರ ಸಿಕ್ಕದೆ ಕೂತಿದ್ದನ್ನ ಆ ಊರು ಅವತ್ತೇ ಮೊದ್ಲು ನೋಡಿದ್ದು. ಇನ್ನೊಂದು ಗಳಿಗೆ ಬುಟ್ಟಿದ್ರೆ ಒಪ್ಕೋತಿದ್ರು ಅಂತ ನಂಗೆ ಗೊತ್ತಿತ್ತು. ಕದೀದಿರೋ ಕೋಳೀನ ಒಪ್ಕೊಂಡೋನು ನಾನು, ನಂಗಿಂತ ಚೆನ್ನಾಗಿ ಇನ್ಯಾರಿಗೆ ಗೊತ್ತಿರ್ತದೆ?

ನಮ್ಮತ್ರ ಇದ್ದಿದ್ದು ಒಂದೇ ಕ್ಯಾಮೆರಾ. ಪ್ರಶ್ನೆ ಕೇಳೋವಾಗ ಕೇಳೋರ ಮುಖ, ಆಮೇಲೆ ಕ್ಯಾಂಡಿಡೇಟ್ ಕಡೆ ತಿರುಗಿಸ್ಬೇಕು, ಅದು ಪದ್ಧತಿ. ಕ್ಯಾಮೆರಾ ಹಿಡಿದೋನು ತಿರುಗಿಸಕ್ಕೆ ಹೋದ. ಹಿಂದೆ ನಿಂತಿದ್ದ ಕೇಬಲಣ್ಣ ಅವ್ನ ಭುಜ ಒತ್ತಿ ಹಿಡಿದ. ಕ್ಯಾಮೆರಾ ರೈಟ್ರ ಮುಖದ ಮೇಲೇ ನಿಂತು ಬಿಡ್ತು. ಕೇಬಲಣ್ಣ ನನ್ನ ಕಡೆ ನೋಡಿ ಬೆರಳು ಎತ್ತಿದ. ಒಂದು, ಎರಡು, ಮೂರು.

ನಾನು ಬೊಗಳ್ದೆ.

"ಅಯ್ಯಯ್ಯೋ, ನಮ್ಮ ರೈಟ್ರಿಗೆ ಮುಂದಿನ ಮಾತೇ ಮರ್ತೋಯ್ತು ಅಂತ ಕಾಣ್ತದೆ! ನೆನಪಾಗೋ ತನಕ ಬನ್ನಿ, ಒಂದು ಹಾಡು ಕೇಳ್ಕೊಂಡು ಬರೋಣ!"

ಹಾಲ್ ಗೊಳ್ಳಂತ ನಕ್ಬುಡ್ತು. ಸಾವ್ಕಾರ್ರೂ ನಕ್ರು, ಈ ಸಲ ನೀರೂ ಕುಡಿದ್ರು. ರೈಟ್ರು ಮಾತ್ರ ನನ್ನ ಕಡೆ ತಿರುಗಿ ನೋಡಿದ್ರು... ಬೇಲಿ ಹತ್ರ ನೋಡ್ತಿದ್ರಲ್ಲ, ಅದೇ ನೋಟ. ನಾನು ಮೈಕ್ ಎತ್ಕೊಂಡು ಬೇರೆ ಕಡೆ ಹೋದೆ.

ಸಂಜೆ ಎಡಿಟಿಂಗ್‌ಗೆ ಕೂತ್ವಿ. "ಆ ಪ್ರಶ್ನೆ ತೆಗೀ" ಅಂದ ಕೇಬಲಣ್ಣ. ತೆಗೆದೆ. ಉಳಿದಿದ್ದು ಬಿಳಿ ಅಂಗಿ ಹಾಕ್ಕೊಂಡ ಒಬ್ರು ಮುದುಕ್ರು ಎದ್ದು ನಿಂತು, ಬಾಯಿ ಬಿಡ್ದೆ, ಅರ್ಧ ನಿಮಿಷ ಸುಮ್ನೆ ನೋಡ್ತಾ ನಿಂತಿರೋದು, ಆಮೇಲೆ ನನ್ನ ಜೋಕು. ಚೆನ್ನಾಗಿ ಕೂತ್ಕೊಳ್ತು. ಇನ್ನೂ ಚೆನ್ನಾಗಿರ್ಲಿ ಅಂತ ಗಡಿಯಾರದ ಟಿಕ್‌ಟಿಕ್ ಸೇರಿಸ್ದೆ, ಕೊನೇಲಿ ಒಂದು ಮೇಕೆ "ಮ್ಯಾ" ಅನ್ನೋ ಸದ್ದು. ಮೇಕೆ ಐಡಿಯಾ ಪೂರ್ತಿ ನಂದು. ಅದಕ್ಕೆ ಯಾರೂ ಭುಜ ಒತ್ತಿರ್ಲಿಲ್ಲ.

ಚರ್ಚೆ ಒಂದೇ ಸಲ ಹಾಕಿದ್ದು, ಯಾರಿಗೂ ನೆನಪಿಲ್ಲ. ಆ ತುಂಡು ಮಾತ್ರ ಸಿಕ್ಕಾಪಟ್ಟೆ ಓಡ್ತು. ಎರಡು ಹಾಡಿನ ಮಧ್ಯೆ ಜಾಗ ಉಳಿದ್ರೆ ಅದು, ಜಾಹೀರಾತು ಕಮ್ಮಿ ಬಿದ್ರೆ ಅದು. ಫೋನ್ ಮಾಡೋರು ಹಾಡು ಕೇಳೋದು ಬುಟ್ಟು "ಆ ರೈಟ್ರದ್ದು ಹಾಕಿ" ಅನ್ನೋರು. ಬೆಳಗೋಡು ಬಸ್‌ನಲ್ಲಿ ಕಂಡಕ್ಟರ್ ಚಿಲ್ರೆ ಕೊಡೋದು ತಡ ಮಾಡಿದ್ರೆ ಹಿಂದಿನ ಸೀಟಿಂದ "ಮ್ಯಾ" ಅಂತ ಕೂಗು. ಸಾವ್ಕಾರ್ರು ಗೆದ್ರು. ಮೆರವಣಿಗೇಲಿ ಜೀಪ್ ನಿಲ್ಸಿ, "ಭಲೇ ಹುಡ್ಗ ಕಣಯ್ಯ ನೀನು" ಅಂತ ಬೆನ್ನು ತಟ್ಟಿದ್ರು. ಆ ಅಂಗೀನ ಒಂದು ವಾರ ಒಗೀಲಿಲ್ಲ ನಾನು.

ರೈಟ್ರು ಆಫೀಸಿಗೆ ಬಂದಿದ್ದು ಎಲೆಕ್ಷನ್ ಮುಗಿದ ಮೇಲೆ. ಬಾಗ್ಲಲ್ಲೇ ನಿಂತ್ರು.

"ನನ್ನ ಪ್ರಶ್ನೆ ಎಲ್ಲಿ ಹೋಯ್ತು ಮಗ?"

"ಅಯ್ಯೋ ರೈಟ್ರೇ, ಟೈಮ್ ಸಾಲ್ಲಿಲ್ಲ. ಟೀವಿ ಅಂದ್ರೆ ಹಂಗೇ, ಕಟ್ ಮಾಡ್ಬೇಕಾಯ್ತದೆ."

"ನಾನು ಸುಮ್ನೆ ನಿಂತಿದ್ದಕ್ಕೆ ಟೈಮ್ ಇತ್ತಲ್ಲ?"

ಕೇಳಿ, ಕಾದ್ರು. ನಂಗೆ ಉತ್ತರ ಗೊತ್ತಿತ್ತು. ಮೂರು ಎಣಿಸ್ದೆ. ಆಮೇಲೆ ಕೈ ತಾನಾಗೇ ಹೋಗಿ ಒಂದು ಹಾಡಿನ ಸಿಡಿ ಹಾಕ್ತು, ಜೋರಾಗಿ. ಆ ಹಾಡು ಮುಗಿಯೋ ತನಕ ಅವ್ರು ಬಾಗ್ಲಲ್ಲೇ ನಿಂತಿದ್ರು. ಇನ್ನೊಂದು ಹಾಕ್ದೆ. ಆಗ ಮೆಟ್ಲು ಇಳಿದು ಹೋದ್ರು.

ಇಷ್ಟಕ್ಕೇ ಮುಗಿದಿದ್ರೆ ನಾನು ಇದನ್ನ ಹೇಳ್ತಿರ್ಲಿಲ್ಲ. ಇಂಥ ಪಾಪ ದಿನಕ್ಕೆ ನಾಲ್ಕು ಮಾಡ್ತಿದ್ದೆ. ಒಂದಿನ ಸಂತೇಲಿ ನಾನು ತರಕಾರಿ ತಗೋತಿದ್ದಾಗ ಲೈನಿನ ಹೆಂಗಸೊಬ್ರು ರೈಟ್ರನ್ನ ಹಿಡ್ಕೊಂಡ್ರು. ಜಗಳ ಆಡೋ ದನಿ ಅಲ್ಲ, ಬೇಜಾರು ಅಷ್ಟೇ.

"ಏನ್ ರೈಟ್ರೇ, ನಮ್ಮ ನೀರಿನ ವಿಚಾರ ಕೇಳ್ತೀನಿ ಅಂತ ಹೋಗಿ ಮರ್ತು ಬಂದ್ಬುಟ್ರಂತಲ್ಲ. ವಯಸ್ಸಾಯ್ತು ಬುಡಿ, ಏನ್ ಮಾಡಕ್ಕಾಯ್ತದೆ."

"ಇಲ್ಲ ಕಣವ್ವ, ನಾನು ಕೇಳ್ದೆ..."

"ನಾವೇ ನೋಡಿದ್ವಲ್ಲ ರೈಟ್ರೇ, ಟೀವೀಲಿ."

ನಾನು ಎರಡು ಅಂಗಡಿ ಆಚೆ ಟೊಮ್ಯಾಟೊ ಆರಿಸ್ತಿದ್ದೆ. ಅವ್ರು ಹೇಳಿದ್ದು ನಿಜ ಅಂತ ಹೇಳೋಕೆ ಆ ಸಂತೇಲಿ ಒಬ್ನೇ ಸಾಕ್ಷಿ ಇದ್ದ. ಆ ಸಾಕ್ಷಿ ಬಗ್ಗಿ, ತಲೆ ಎತ್ತದೆ, ಒಂದೇ ಟೊಮ್ಯಾಟೊನ ಎಂಟತ್ತು ಸಲ ತಿರುಗಿಸಿ ನೋಡ್ದ. ಪಲ್ಪರ್ ನೀರಿನ ಮಾತು ಅಲ್ಲಿಗೇ ನಿಂತೋಯ್ತು. ಆಮೇಲೆ ಲೈನಿನೋರು ಯಾರ ಹತ್ರಾನೂ ಕೇಳಿಸ್ಲಿಲ್ಲ. ಅವ್ರ ಕಡೆಯಿಂದ ಕೇಳೋಕೆ ಅಂತ ಇದ್ದೋರು ಒಬ್ರೇ, ಅವ್ರಿಗೂ ಮರೆವು ಅಂತ ಊರೇ ತೀರ್ಮಾನ ಮಾಡಿತ್ತಲ್ಲ.

ಎರಡು ಮಳೆಗಾಲ ಕಳೆದ್ಮೇಲೆ ರೈಟ್ರು ತೀರ್ಕೊಂಡ್ರು. ಜ್ವರ ಅಂದ್ರು. ಅವ್ರ ಫೋಟೋ ಹಾಕಿ "ಭಾವಪೂರ್ಣ ಶ್ರದ್ಧಾಂಜಲಿ" ಅಂತ ನಾನೇ ಓದ್ದೆ. ಅವತ್ತೇ ಸಂಜೆ ಮೂರು ಹಾಡು ಹೋದ್ಮೇಲೆ, ನಾನು ಟೀ ಕುಡಿಯಕ್ಕೆ ಇಳಿದಿದ್ದಾಗ, ಹಿಂದಿನ ವಾರ ಜೋಡ್ಸಿಟ್ಟಿದ್ದ ಪಟ್ಟಿ ಪ್ರಕಾರ ಕಂಪ್ಯೂಟರ್ ತನ್ನ ಪಾಡಿಗೆ ತಾನು ಆ ತುಂಡು ಹಾಕ್ತು. ಟಿಕ್‌ಟಿಕ್, ಜೋಕು, ಮೇಕೆ. ರೈಟ್ರ ಮನೇಲಿ ಇನ್ನೂ ನೆಂಟ್ರು ಹೋಗಿರ್ಲಿಲ್ಲ...

ಆಮೇಲೆ ಡಿಶ್ ಬಂತು, ಜನ ಒಬ್ಬೊಬ್ರೇ ಕೇಬಲ್ ಕಿತ್ತಾಕಿದ್ರು, ಲೋಕಲ್ ಚಾನೆಲ್ ಮುಚ್ಚೋಯ್ತು. ನಂಗೆ ಬರ್ತಿದ್ದಿದ್ದು ಬೊಗಳೋದೊಂದೇ, ಈಗ ದೊಡ್ಡ ಚಾನೆಲ್‌ಗಳಲ್ಲಿ ಅದಕ್ಕೆ ನಂಗಿಂತ ಓದಿದೋರು ಕೂತವ್ರೆ. ಒಂದೇ ಸಲಕ್ಕೆ ಆರು ಜನ ಕಿರುಚ್ತಾರೆ. ಪ್ರಶ್ನೆ ಕೇಳೋರೂ ಅವ್ರೇ, ಉತ್ತರ ಹೇಳೋರೂ ಅವ್ರೇ. ಮನೆಮನೇಲಿ ಡಿಶ್ ಕೂರ್ಸಿ, ಚಿತ್ರ ಸರಿ ಬಂತಾ ಅಂತ ನೋಡಕ್ಕೆ ನ್ಯೂಸ್ ಹಾಕಿದಾಗೆಲ್ಲಾ ನಂಗೆ ಗೊತ್ತಾಗ್ತದೆ, ಇವ್ರಿಗೂ ಹಿಂದ್ಗಡೆ ನಿಂತು ಯಾರೋ ಬೆರಳು ಎಣಿಸ್ತಾವ್ರೆ ಅಂತ.

ಮೋರಿ ಹತ್ರ ಬೈಕ್ ನಿಲ್ಸಿದ ಆ ವಾರಾನೇ ಪಾಳ್ಯಕ್ಕೆ ಹೋದೆ. ರೈಟ್ರ ಹೆಂಡ್ತಿ ದೊಡ್ಡಮ್ಮ ಈಗ ಮಗಳ ಮನೇಲಿ ಅಲ್ಲಿದ್ದಾರೆ. ಅಂಗಳದಲ್ಲಿ ಕೂತು ಮೊರದಲ್ಲಿ ಹುರುಳಿ ಕೇರ್ತಿದ್ರು. ಗುರ್ತು ಹಿಡಿದ್ರು. "ನೀನೇನೋ? ದಪ್ಪ ಆಗಿದ್ದೀಯ" ಅಂದ್ರು. ಕಾಫಿ ಕೊಟ್ರು. ಜೋಕು ನಾಲ್ಕೈದು ತಯಾರಿ ಮಾಡ್ಕೊಂಡು ಹೋಗಿದ್ದೆ, ಒಂದೂ ಬಾಯಿಗೆ ಬರ್ಲಿಲ್ಲ. ರೈಟ್ರ ಮಾತು ಅವ್ರೇ ತೆಗೆದ್ರು.

"ಕೊನೆಕೊನೆಗೆ ಚೀಟಿ ಇಟ್ಕೊಳ್ಳೋರು ಕಣೋ ಜೇಬಲ್ಲಿ. ಹಾಲು ತರೋದು, ದೀಪ ಆರಿಸೋದು, ಎಲ್ಲಾ ಬರ್ದು. ಹಾಸನಕ್ಕೂ ಹೋಗ್ಬಂದ್ರು. ಡಾಕ್ಟ್ರು ಏನೂ ಇಲ್ಲ, ನೆನಪು ಚೆನ್ನಾಗೈತೆ ಅಂದ್ರು. ಇವ್ರು ನಂಬ್ಲಿಲ್ಲ. ಟೀವೀಲಿ ಅದು ಬಂದಾಗೆಲ್ಲಾ ಹತ್ರ ಹೋಗಿ ನಿಂತು ನೋಡೋರು. ಮೊದ್ಮೊದ್ಲು 'ನಾನು ಕೇಳಿದ್ದೆ ಕಣೇ' ಅನ್ನೋರು. ಆಮೇಲಾಮೇಲೆ, 'ಕೇಳಿದ್ದೆ ಅಂತ ಅಂದ್ಕೊಂಡಿದ್ದೀನೇನೋ' ಅಂದ್ರು. ಕೊನೆಗೆ ಲೈನಿನ ಕಡೆ ಹೋಗೋದೇ ಬುಟ್ರು. ಯಾವ ಮುಖ ಇಟ್ಕೊಂಡು ಹೋಗ್ಲಿ, ಅವ್ರ ಮಕ್ಕಳ ವಿಚಾರಾನೇ ಮರ್ತೋನು ನಾನು ಅಂತ."

ಕಾಫಿ ಲೋಟ ಕೆಳಗಿಟ್ಟೆ.

"ಅವ್ರು ಮರೀಲಿಲ್ಲ ದೊಡ್ಡಮ್ಮ. ಪ್ರಶ್ನೆ ಕೇಳಿದ್ರು, ಸರಿಯಾಗೇ ಕೇಳಿದ್ರು. ಉತ್ತರ ಬಂದಿರ್ಲಿಲ್ಲ ಅಷ್ಟೇ. ನಾನೇ ಕತ್ತರಿಸಿದ್ದು. ಆ ಟೇಪಿನ ಮೇಲೆ ಮಾರನೇ ವಾರ ಯಾರ್ದೋ ಗೃಹಪ್ರವೇಶ ತೆಗ್ದುಬುಟ್ವಿ. ಈಗ ತೋರಿಸಕ್ಕೂ ಏನೂ ಉಳಿದಿಲ್ಲ."

ಅವ್ರು ಮೊರ ಕೇರೋದು ನಿಲ್ಲಿಸ್ಲಿಲ್ಲ. ಒಂದೆರಡು ಕಲ್ಲು ಆರಿಸಿ ಆಚೆ ಎಸೆದ್ರು.

"ನಂಗ್ಯಾಕೋ ಹೇಳ್ತೀಯ ಇದನ್ನ? ಹಾಜರಿ ಪುಸ್ತಕದ ಹೆಸ್ರೆಲ್ಲಾ ಸಾಯೋ ಹಿಂದಿನ ದಿನಾನೂ ಬಾಯಲ್ಲೇ ಹೇಳ್ತಿದ್ರು, ಅವ್ರಿಗೆ ಮರೆವು ಅಂತ ನಾನ್ಯಾವತ್ತು ನಂಬಿದ್ದೆ? ಅವ್ರಿಗೆ ಹೇಳ್ಬೇಕಿತ್ತು."

ಎರಡು ಮಳೆಗಾಲ ಇತ್ತು ನಂಗೆ, ಮಧ್ಯ ಇದ್ದಿದ್ದು ಒಂದು ಬೇಲಿ. ದಿನಾ ಬೆಳಿಗ್ಗೆ ನಾನು ಹಲ್ಲುಜ್ಜೋವಾಗ ಅವ್ರು ಆಚೆ ಕಡೆ ಹೂವಿನ ಗಿಡಕ್ಕೆ ನೀರು ಹಾಕ್ತಿದ್ರು. ಜೇಬಿಂದ ಚೀಟಿ ತೆಗೆದು ನೋಡಿ, ಮಡಚಿ, ಒಳಗಿಡ್ತಿದ್ರು. ಅದೇನು ಚೀಟಿ ಅಂತ ನಾನು ಒಂದಿನಾನೂ ಕೇಳ್ಲಿಲ್ಲ. "ರೈಟ್ರೇ, ನೀವು ಕೇಳಿದ್ರಿ" ಅಂತ ಹೇಳಕ್ಕೆ ಎಷ್ಟು ಹೊತ್ತು ಬೇಕಿತ್ತು... ಬಾಯಿ ತುಂಬಾ ಪೇಸ್ಟ್ ನೊರೆ ಇಟ್ಕೊಂಡು, ಕೈ ಎತ್ತಿ ನಮಸ್ಕಾರ ಮಾಡಿ, ಒಳಗೆ ಹೋಗ್ಬುಡ್ತಿದ್ದೆ.